ಹ್ಯಾಂಡ್‌ಬ್ರೇಕಿಗೆ ಕುಂಕುಮ

ಭಾನುವಾರ ಬೆಳಗ್ಗೆ ಹತ್ತೂಕಾಲಿಗೆ ನಮ್ಮ ಅತ್ತೆ ಕಾರಿನ ಹ್ಯಾಂಡ್‌ಬ್ರೇಕಿಗೆ ಕುಂಕುಮ ಹಚ್ಚಿದರು. ಅಲ್ಲಿಂದ ಮುಂದೆ ನಡೆದದ್ದನ್ನು ನಾನು ಲಿಫ್ಟಿನಲ್ಲಿ, ಆಫೀಸಿನ ಮೀಟಿಂಗಿನಲ್ಲಿ, ಊಟದ ತಟ್ಟೆಯ ಮುಂದೆ ಇನ್ನೂ ನೋಡುತ್ತಲೇ ಇದ್ದೇನೆ.

ಹೈದರಾಬಾದಿನಲ್ಲಿ ಆಗ ಐಟಿಯ ಸುಗ್ಗಿ. ಮೌಸ್ ಹಿಡಿಯಲು ಬಂದವರೆಲ್ಲ ಸ್ಟೇರಿಂಗ್ ಹಿಡಿಯುತ್ತಿದ್ದರು, ನಾನೂ ಹೊಸ ಕಾರು ಕೊಂಡು ಹಿಡಿದೆ. ಕಲಬುರಗಿಯಿಂದ ಬಂದಿದ್ದ ಅತ್ತೆ, ಪೂಜೆಯಾಗದ ಗಾಡಿಯಲ್ಲಿ ಆಫೀಸಿಗೆ ಹೋಗಕೂಡದು ಎಂದರು. ಗುಡಿಗಳ ಮುಂದೆಲ್ಲ ಹೊಸ ಕಾರುಗಳ ಸಾಲು. ಸಿಕಂದರಾಬಾದಿನ ಗುಡ್ಡದ ಮೇಲೆ ಬುದ್ಧನ ಗುಡಿಯಿದೆ, ಗದ್ದಲವಿಲ್ಲ, ದೊಡ್ಡ ಮೂರ್ತಿಯ ಪಕ್ಕ ನಿಂತರೆ ಇಡೀ ಊರು ಕಾಣುತ್ತದೆ ಎಂದು ಜಂಬದಿಂದ ಹೇಳಿದೆ.

"ಬುದ್ಧನೂ ದೇವ್ರ ಹೌದಲ್ರಿ? ನಡೀರಿ," ಎಂದರು ಅತ್ತೆ.

ಅಲ್ಲಿದ್ದ ಭಿಕ್ಷುಗಳು ನಮ್ಮ ತೆಂಗಿನಕಾಯಿಯನ್ನು ನೋಡಿ, ನಗುತ್ತಲೇ ಗೇಟಿನ ಹೊರಗೆ ಕೈ ತೋರಿಸಿದರು. ಹೊರಗೆ ಇಳಿಜಾರು ರಸ್ತೆ. ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣಿಟ್ಟು ನಾನೂ ಹೆಂಡತಿ ಶಾರದೆಯೂ ಕಣ್ಣು ಮುಚ್ಚಿ ಕೈ ಮುಗಿದೆವು. ಅತ್ತೆ ಒಳಗೆ ಕೂತು ಸ್ಟೇರಿಂಗಿಗೆ, ಗೇರಿಗೆ, ಎ.ಸಿ.ಗೆ ಕುಂಕುಮ ಹಚ್ಚಿ, "ಅಯ್ಯ, ಈ ದಂಡಿ ಉಳದೈತಿ," ಎಂದರು. ಅದರ ತುದಿಯ ಗುಂಡಿಯನ್ನು ಒತ್ತಿ ಬೊಟ್ಟಿಟ್ಟು, ಎದ್ದು ನಿಂತಿದ್ದ ದಂಡಿಯನ್ನು ಮಲಗಿಸಿ ಮಲ್ಲಿಗೆ ಏರಿಸಿದರು.

ಹಿಂದಿನ ಚಕ್ರಗಳ ಬೆನ್ನಿಗಿಟ್ಟಿದ್ದ ನಿಂಬೆಹಣ್ಣುಗಳು ಪಚಕ್ಕೆಂದವು. ಕಣ್ಣು ಬಿಟ್ಟರೆ ಕಾರು ಹಿಂದಕ್ಕೆ ಹೊರಟಿದೆ. ಹಿಂದೆ ತಿರುವು, ತಿರುವಿನಾಚೆ ತಗ್ಗು, ತಗ್ಗಿನಲ್ಲಿ ನಾನು ಹೊಗಳಿದ್ದ ಇಡೀ ಊರು. ಬಾನೆಟ್ ತಬ್ಬಿಕೊಳ್ಳಲು ಓಡಿದೆ. ಅತ್ತೆ ಊದುಬತ್ತಿ ಹಿಡಿದು ಕಿಟಕಿಯಿಂದ ಬಗ್ಗಿದರು.

"ಅಳಿಯಂದ್ರ, ನೀವು ಹೊರಗ ಅದೀರಿ. ಮತ್ತ ಗಾಡಿ ಯಾರು ನಡಸಾಕತ್ತಾರ್ರಿ?"

"ದಂಡಿ ಎಳೀರಿ! ಮ್ಯಾಲೆ ಎಳೀರಿ!"

"ಹೂವು ಬೀಳ್ತಾವಲ್ರೀ!"

ಅಷ್ಟರಲ್ಲಿ ಕಾರು ತಿರುವಿನಲ್ಲಿ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಮರಳಿನ ಗುಡ್ಡೆಗೆ ಬೆನ್ನು ಕೊಟ್ಟು ನಿಂತಿತು. ಅತ್ತೆ ಇಳಿದು ಸೀರೆ ಕೊಡವಿ, "ಗಾಡಿ ಸುಮಾರದ್ದೇನಲ್ಲ," ಎಂದರು. ಭಿಕ್ಷುಗಳು ನನಗೆ ನೀರು ಕೊಟ್ಟು, ಉಸಿರನ್ನು ಗಮನಿಸಿ ಎಂದು ಹಿಂದಿಯಲ್ಲಿ ಹೇಳಿದರು. "ಇವರ ಉಸಿರನ್ನ ಊರಿನ ಆ ತುದಿ ಉಪ್ಪಲ್ ತನಕ ಎಲ್ಲಾರೂ ಗಮನಿಸಾಕತ್ತಾರ," ಎಂದಳು ಶಾರದೆ.

ಅಂದಿನಿಂದ ರಾತ್ರಿಯೆಲ್ಲ ನಾನು ನಿದ್ದೆಯಲ್ಲಿ ಬ್ರೇಕ್ ಒತ್ತುವುದು, ಒದೆ ತಿಂದು ಶಾರದೆ ಕಿರುಚುವುದು, ಅತ್ತೆ ದೀಪ ಹಾಕುವುದು. ಮುಂದಿನ ಶನಿವಾರ ಅತ್ತೆ ಎಲ್ಲಿಂದಲೋ ಒಂದು ಇಟ್ಟಿಗೆ ತಂದು ನಮ್ಮ ಮಂಚದ ಕಾಲಿಗೆ ಒತ್ತಿಟ್ಟರು.

"ಇನ್ನ ಎಲ್ಲೂ ಹೋಗೂದಿಲ್ಲ. ಮಕ್ಕೋರಿ."

ಇಂಜಿನಿಯರಿಂಗ್ ಓದಿದ ನಾನು ಮನಸಾರೆ ನಕ್ಕೆ. ಆಮೇಲೆ ಬೆಳಗಿನವರೆಗೆ ಎಚ್ಚರವೇ ಆಗಲಿಲ್ಲ. ಎದ್ದು ನೋಡಿದರೆ ಇಟ್ಟಿಗೆಗೂ ಕುಂಕುಮವಿತ್ತು. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಕೈ ಮುಗಿದೆ. ಈ ಸಲ ಕಣ್ಣು ಮುಚ್ಚಲಿಲ್ಲ.