ನಮ್ಮ ಡ್ರೈವರ್ ಬಾಯಿ ತೆರೆದದ್ದು

ಚಿಕ್ಕೋಡಿಯಲ್ಲಿ ನಮ್ಮ ಮನೆತನಕ್ಕೆ ನಾಲ್ಕು ತಲೆಮಾರಿನ ಒಳ್ಳೆಯ ಹೆಸರಿದೆ. ಅಜ್ಜ ಎದುರಿಗೆ ಬಂದರೆ ಜನ ತಲೆಯ ಪಟಕಾ ಸರಿಮಾಡಿಕೊಳ್ಳುತ್ತಿದ್ದರು. ತಂದೆಯವರು ನನ್ನನ್ನು ಬೆಳಗಾವಿಯ ಕಾನ್ವೆಂಟಿಗೆ ಹಾಕಿದರು; ಬಾಯಿ ಮುಚ್ಚಿ ಅಗಿಯುವುದನ್ನು ಅಲ್ಲಿ ಕಲಿತೆ. ಅಂಥವಳು ಈಗ ಆಸ್ಪತ್ರೆಯ ಮೇಟ್ರನ್ ಆಗಿ ಊರೂರಿನ ಜನರ ಬಾಯಿ ತೆರೆಸುತ್ತ ತಿರುಗುತ್ತೇನೆ. ಬಾಯಿ ತಪಾಸಣೆ ಶಿಬಿರ ಎಂದಮೇಲೆ ಏನಾದರೊಂದು ಆಗದೆ ಇರುವುದಿಲ್ಲ.

ಈ ವರ್ಷ ಎಲ್ಲಕ್ಕೂ ಕಾರಣ ನಮ್ಮ ಜೀಪಿನ ಡ್ರೈವರ್. ಅವನ ಕೆನ್ನೆಯೊಳಗೆ ಸದಾ ತಂಬಾಕು. ಅಲ್ಲೇ ಒಂದು ಹುಣ್ಣು. ಬಿಸಿ ಚಹಾ ತಾಕಿದರೆ ಮುಖ ಕಿವುಚುತ್ತಿದ್ದ. ಎರಡು ವಾರ ಮೀರಿದ ಹುಣ್ಣನ್ನು ತೋರಿಸಲೇಬೇಕೆಂದು ನಾನು ಊರಿಗೆಲ್ಲ ಹೇಳುತ್ತೇನೆ. ಅವನದು ತಿಂಗಳಾಗಿತ್ತು. "ಖಾರ ತಿಂದೇನ್ರಿ ಮೇಡಂ, ಅದಕ್ಕ ಆಗೇತಿ" ಎನ್ನುತ್ತಿದ್ದ. ನನಗೆ ಒಳಗೊಳಗೇ ಭಯ.

೧. ಸ್ವಚ್ಛತೆ

ಅಕ್ಕೋಳದಲ್ಲಿ ಒಬ್ಬ ಅಜ್ಜಿಯನ್ನು ತಂಬಾಕು ತಿನ್ನುತ್ತೀರಾ ಎಂದು ಕೇಳಿದೆ.

"ಶಿವಶಿವಾ, ಅದು ಗಂಡಸರ ಚಟಾ. ನಾ ಮುಟ್ಟಂಗಿಲ್ರಿ."

"ಹಲ್ಲಿಗೇನು ಹಚ್ಚುತ್ತೀರಿ?"

"ಮಿಶ್ರಿ."

ಮಿಶ್ರಿ ಎಂದರೆ ಹುರಿದು ಪುಡಿ ಮಾಡಿದ ತಂಬಾಕೇ. ಯಾವಾಗ ಯಾವಾಗ ಎಂದೆ.

"ಮುಂಜಾನಿ, ಊಟಾದ ಮ್ಯಾಲ, ಚಹಾದ ಮ್ಯಾಲ, ಬ್ಯಾಸರಾದಾಗ. ಹಲ್ಲು ಸ್ವಚ್ಛ ಇಡಬೇಕಲ್ರಿ."

ಬಾಯಿ ತೆರೆಸಿದೆ. ಪುಣ್ಯಕ್ಕೆ ಹುಣ್ಣಿರಲಿಲ್ಲ. ಹಲ್ಲೂ ಒಂದಿರಲಿಲ್ಲ.

"ನೋಡ್ರಿ ಮೇಡಂ, ಅಜ್ಜಿಗೇನಾಗೇತಿ?" ಎಂದ ನಮ್ಮ ಡ್ರೈವರ್.

೨. ಮೂರು ಬೆರಳು

ರಾಯಬಾಗದ ಶಿಬಿರದಲ್ಲಿ ಮೈಕು ನಮ್ಮ ಡ್ರೈವರನ ಕೈಗೆ ಸಿಕ್ಕಿತು. "ಮೂರು ಬೆರಳು ಜೋಡಿಸಿ, ಉದ್ದಕ್ಕ ನಿಂದ್ರಿಸಿ ಬಾಯಾಗ ಇಡ್ರಿ. ಹೋಗಲಿಲ್ಲಂದ್ರ ಪಾಳಿಗೆ ಬರ್ರಿ" ಎಂದು ಸಾರಿದ. ತಂಬಾಕಿನಿಂದ ಬಾಯಿ ಬಿಗಿದವರಿಗೆ ಮೂರು ಬೆರಳು ಹಿಡಿಸುವುದಿಲ್ಲ.

"ನೀ ಮಾಡಿ ತೋರಸೋ ಮಾರಾಯಾ" ಎಂದಳು ಮುಂದೆ ಕೂತಿದ್ದ ಹೆಂಗಸು.

ಗತ್ತಿನಿಂದ ತೋರಿಸಲು ಹೋದ. ಎರಡರ ಮೇಲೆ ಹೋಗಲಿಲ್ಲ.

"ನನ್ನ ಬೆರಳು ದಪ್ಪ ಅದಾವ್ರಿ."

"ಹಂಗಾರ ನನ್ನವು ಇಡ್ಲೇನು?" ಎಂದು ಆಕೆ ಎದ್ದೇಬಿಟ್ಟಳು. ಮಂಟಪವೆಲ್ಲ ನಕ್ಕಿತು. ಆಕೆಗೆ ಹೆದರಿ ಅವನು ತಾನೇ ಹೋಗಿ ಪಾಳಿಯಲ್ಲಿ ನಿಂತ.

ಡಾಕ್ಟರು ನಗಲಿಲ್ಲ. ಕೆನ್ನೆಯೊಳಗೆ ಬಿಳಿ ಮಚ್ಚೆಯಿತ್ತು, ಅದರ ಅಂಚಿಗೆ ಹುಣ್ಣು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ನಮ್ಮ ಡ್ರೈವರ್ ಎಮ್ಮೆ ಅಡ್ಡ ಬಂದರೂ ಹಾರನ್ ಹೊಡೆಯಲಿಲ್ಲ.

೩. ಯಡೂರಿನ ಹರಕೆ

"ಕ್ಯಾನ್ಸರ್ ಅಲ್ಲ" ಎಂದರು ಡಾಕ್ಟರು. "ಆದರೆ ತಂಬಾಕು ಬಿಡದಿದ್ದರೆ ಆಗಬಹುದು. ಆಗಾಗ ಬಂದು ತೋರಿಸುತ್ತಿರಬೇಕು."

ಕುರ್ಚಿ ಎಳೆದುಕೊಂಡು ಕೂತೆ. ಅವನು ತಂಬಾಕಿನ ಚೀಟನ್ನು ಜೇಬಿನಿಂದ ತೆಗೆದು ಕಸದ ಬುಟ್ಟಿಗೆ ಹಾಕಿದ.

"ನಾಳೆ ಯಡೂರಿಗೆ ಹೋಗೂಣ್ರಿ ಮೇಡಂ. ವೀರಭದ್ರಗ ಹರಕಿ ಹೊತ್ತಿದ್ದೆ. ಹೊಳಿಯಿಂದ ಗುಡಿ ಮಟಾ ದೀಡ ನಮಸ್ಕಾರ."

ನೆಲಕ್ಕೆ ಉದ್ದ ಬಿದ್ದು, ಎದ್ದು, ಮತ್ತೆ ಬೀಳುತ್ತ ಸಾಗುವ ಸೇವೆ ಅದು. "ಮಾಡಪ್ಪಾ, ಒಳ್ಳೆಯದು" ಎಂದೆ.

"ನಾ ಅಲ್ರಿ, ನೀವು."

"ಏನಂದಿ?"

"ನಿಮ್ಮ ಹೆಸರಿಲೆ ಹೊತ್ತೇನ್ರಿ. ತಂಬಾಕ ಬಿಡತೇನಂತ ಭಾಳ ಸಲ ಆಣಿ ಮಾಡಿ ತಪ್ಪೇನಿ. ನನ್ನ ಮಾತು ದೇವರು ನಂಬೂದಿಲ್ಲ. ನೀವು ಹೇಳಿದ್ದು ಮಾಡಾವ್ರು."

ಯಡೂರಿನ ಪೂಜಾರಿಯವರೂ ಫೋನ್ ಮಾಡಿ ಮೇಟ್ರನ್ ಮೇಡಂ ಯಾವಾಗ ಬರುತ್ತಾರೆ ಎಂದು ಕೇಳಿದ್ದಾರೆ. ಅವನ ಬಾಯಿ ಉಳಿದದ್ದು ನನಗೆ ಸಂತೋಷವೇ. ಹರಕೆಯನ್ನು ಅವನೇ ತೀರಿಸಲಿ. ಕೇಳದೆ ನನ್ನ ಹೆಸರು ಬಳಸಿದ್ದಕ್ಕೆ ಆಸ್ಪತ್ರೆಯ ಎಲ್ಲರೆದುರು ಅವನು ನನ್ನ ಕ್ಷಮೆ ಕೇಳಬೇಕು.