ನನ್ನ ಪಾಯಿಂಟ್ ನಾಲ್ಕು ಎರಡು

ಇಷ್ಟು ವರ್ಷ ಪಾಠ ಹೇಳಿದ ಮೇಲೆ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಉತ್ತರ ಬಾರದ ವಿದ್ಯಾರ್ಥಿಯನ್ನು ನಾನು ಸುಲಭವಾಗಿ ಕ್ಷಮಿಸುತ್ತೇನೆ. ಬೇರೆ ಉತ್ತರ ತಂದವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ. ನಾನು ದಿನವೂ ಅನಗೋಳದಿಂದ ಹೊರಟು, ಬಸ್ಸಿನಲ್ಲಿ ಮರಾಠಿಯಲ್ಲಿ ಸೀಟು ಕೇಳಿ, ಸಿಗದಿದ್ದಾಗ ಕನ್ನಡದಲ್ಲಿ ಗೊಣಗಿ, ಖಾನಾಪುರದ ಕಾಲೇಜಿಗೆ ಹೋಗಿ ಭೌತಶಾಸ್ತ್ರ ಕಲಿಸುವವನು. ನಮ್ಮ ಪ್ರಯೋಗಾಲಯದಲ್ಲಿ ಒಂದು ಹಲಗೆ, ಒಂದು ಕಟ್ಟಿಗೆಯ ತುಂಡು ಇವೆ. ಹಲಗೆಯನ್ನು ಓರೆ ಮಾಡಿ, ತುಂಡು ಒಂದೇ ವೇಗದಲ್ಲಿ ಜಾರುವ ಕೋನ ಹಿಡಿದರೆ ಘರ್ಷಣೆಯ ಗುಣಾಂಕ ಸಿಗುತ್ತದೆ. ಕೆಲಸಕ್ಕೆ ಸೇರಿದ ವರ್ಷ ನಾನು ಮಾಡಿದಾಗ 0.42 ಬಂದಿತ್ತು. ಅಂದಿನಿಂದ ಎಲ್ಲರಿಗೂ ಅದೇ ಬರುತ್ತಿದೆ. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ಮುಂದಿನವರಿಗೆ ದಾಟುತ್ತದೆಂದು ಗೊತ್ತಿದ್ದರೂ, ನನ್ನ ಅಂಕಿ ಅಷ್ಟು ಗಟ್ಟಿ ಎಂದು ಒಳಗೊಳಗೇ ಬೀಗುತ್ತಿದ್ದೆ.

ಈ ವರ್ಷ ಸುನೀತಾ ಎಂಬ ಹುಡುಗಿ 0.31 ಬರೆದು ತಂದಳು. ಮನೆಯಲ್ಲಿ ಮರಾಠಿ, ನನ್ನೆದುರು ತಡೆತಡೆದು ಕನ್ನಡ. ಕೆಂಪು ಪೆನ್ನಿನಲ್ಲಿ ಗೀಟು ಎಳೆದು ಮತ್ತೆ ಮಾಡಲು ಹೇಳಿದೆ. ಮೂರು ಸಲ ಮಾಡಿದಳು, ಮೂರು ಸಲವೂ ಅದೇ. ರೆಕಾರ್ಡಿಗೆ ನನ್ನ ಸಹಿಯಿಲ್ಲದೆ ಪ್ರಾಯೋಗಿಕ ಪರೀಕ್ಷೆಗೆ ಕೂಡುವಂತಿಲ್ಲ, ಪರೀಕ್ಷೆಗೆ ಉಳಿದದ್ದು ನಾಲ್ಕೇ ದಿನ. ಗೆಳತಿಯರು 0.42 ಬರೆದುಬಿಡು ಎಂದರೂ ಕೇಳಲಿಲ್ಲವಂತೆ. ಕೊನೆಗೆ ಕಣ್ಣಲ್ಲಿ ನೀರು ತುಂಬಿಕೊಂಡು ಬಂದು ನಿಂತಳು.

"ಸರ, ಒಮ್ಮಿ ನೀವ ಮಾಡಿ ತೋರಸ್ರಿ."

ಗತ್ತಿನಿಂದ ಹಲಗೆ ಎತ್ತುತ್ತ ಹೋದೆ. ತುಂಡು ಅಲ್ಲಾಡಲಿಲ್ಲ. ಇನ್ನಷ್ಟು ಎತ್ತಿದಾಗ ಒಮ್ಮೆಲೇ ಸರ್ರನೆ ಜಾರಿ ನೆಲಕ್ಕೆ ಬಿತ್ತು. "ನೋಡು, ಇಪ್ಪತ್ಮೂರು ಡಿಗ್ರಿ. 0.42."

"ಅದು ಓಡಿ ಹೋತಲ್ರಿ ಸರ. ಒಂದ ವೇಗದಾಗ ಎಲ್ಲಿ ಹೋತು?" ಎಂದವಳೇ ಹಲಗೆಯನ್ನು ಕೊಂಚ ಇಳಿಸಿ, ತುಂಡಿಗೆ ಬೆರಳು ತಾಗಿಸಿದಳು. ಅದು ಯಾವ ಅವಸರವೂ ಇಲ್ಲದೆ ತಳದವರೆಗೆ ಹೋಯಿತು. "ನಮ್ಮ ಅಪ್ಪಾ ಗಿರಣ್ಯಾಗ ಹಲಗಿ ಮ್ಯಾಲಿಂದ ಭತ್ತದ ಚೀಲ ಇಳಸ್ತಾರ್ರಿ. ಜಾಗಾ ಬಿಟ್ಟು ಹೊಂಡಸೂದಷ್ಟ ಜಡ. ಒಮ್ಮಿ ಕೈ ಹಚ್ಚಿದ್ರ ಮುಂದ ಅದರ ಪಾಡಿಗೆ ಅದು ಹೋಗ್ತೈತಿ."

ನನಗೆ ನಿಜಕ್ಕೂ ನಾಚಿಕೆಯಾಯಿತು. ಜಾರಲು ಶುರುವಾಗುವಾಗಿನ ಘರ್ಷಣೆ ಹೆಚ್ಚು, ಜಾರುತ್ತಿರುವಾಗಿನದು ಕಡಿಮೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುವವನು ನಾನೇ. ಬೋರ್ಡಿನಿಂದ ಹಲಗೆಗೆ ಬರುವಷ್ಟರಲ್ಲಿ ಅದನ್ನು ಮರೆಯುತ್ತಿದ್ದೆ. ಅಳೆಯಬೇಕಾದದ್ದನ್ನು ಬಿಟ್ಟು ಬೇರೆಯದನ್ನು ಅಳೆದು, ಪಾಪ, ಈ ಮಗುವಿನ ಕೈಯಲ್ಲಿ ಮೂರು ಸಲ ಮಾಡಿಸಿ ಅಳಿಸಿದ್ದೆ. "ನಂದ ತಪ್ಪಾತ ನೋಡವಾ" ಎಂದು ಮೂರೂ ಪುಟಕ್ಕೆ ಸಹಿ ಹಾಕಿದೆ. ಅವಳು ಪುಸ್ತಕವನ್ನು ಎದೆಗವಚಿಕೊಂಡು ಓಡಿದಳು.

ತಪ್ಪೊಪ್ಪಿಕೊಂಡ ಹುಮ್ಮಸ್ಸಿನಲ್ಲಿ ಹಲಗೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ನೇರ ತರಗತಿಗೆ ಹೋದೆ. ಸರಿಯಾದ ಉತ್ತರ 0.31, ಎಲ್ಲರೂ ಪ್ರಯೋಗ ಮತ್ತೊಮ್ಮೆ ಮಾಡಿ ನಾಳೆ ಮಧ್ಯಾಹ್ನದೊಳಗೆ ಬರೆದು ತರಬೇಕು ಎಂದು ಸಾರಿದೆ. ಮರುದಿನ ಉಳಿದ ಇಪ್ಪತ್ತೊಂದು ಪುಸ್ತಕಗಳೂ ಹೊತ್ತಿಗೆ ಸರಿಯಾಗಿ ಮೇಜಿನ ಮೇಲಿದ್ದವು. ಎಲ್ಲದರಲ್ಲೂ ಐದೈದು ರೀಡಿಂಗ್, ಚೊಕ್ಕ 0.31. ಕಪಾಟಿನ ಕೀಲಿಕೈ ಮಾತ್ರ ಹಿಂದಿನ ದಿನದಿಂದ ನನ್ನ ಕಿಸೆಯಲ್ಲೇ ಇತ್ತು. ಬೈಯಬೇಕೆಂದು ಬಾಯಿ ತೆರೆದೆ. ಉತ್ತರ ಮೊದಲು, ಪ್ರಯೋಗ ಆಮೇಲೆ ಎಂದು ಅವರಿಗೆ ಕಲಿಸಿದವನು ಯಾರೆಂದು ನೆನಪಾಗಿ, ಕೀಲಿಕೈ ತೆಗೆದು ಮೇಜಿನ ಮೇಲಿಟ್ಟೆ.