ದಣಿವಾರಿಸುವ ಮೀಟಿಂಗು

— ಎಳ್ಳ ಅಮಾಸಿ ದಿನ ಮನ್ಯಾಗ ಕುಂದ್ರೂದಂದ್ರ ಏನ್ರಿ? ಊರಿಗೆ ಊರ ಹೊಲಕ್ಕ ಉಣ್ಣಾಕ ಹೊಂಟೈತಿ. ಬುಟ್ಟಿ ಕಟ್ಟೇನಿ, ಅತ್ತಿ ಆಗಲೇ ಟಂಟಂ ಗಾಡಿ ಏರ್ಯಾರ!

— ಮೀಟಿಂಗ್ ಐತಿ ಸುವರ್ಣಾ.

— ಎದರದು?

— ಮ್ಯಾನೇಜರ್‌ಗೋಳು ಭಾಳ ದಣದಾರಂತ. ದಣಿವು ಹೆಂಗ ಆರಿಸ್ಕೋಬೇಕಂತ ಕಲಸ್ತಾರ.

— ಅಮಾಸಿ ದಿನಾನ?

— ಉಳದ ದಿನ ಪುರುಸೊತ್ತ ಎಲ್ಲೈತಿ?

ಸಿಂದಗಿಯ ಫೈನಾನ್ಸ್ ಕಂಪನಿಯೊಂದರಲ್ಲಿ ಮ್ಯಾನೇಜರನಾದಂದಿನಿಂದ ಕಲ್ಮೇಶನಿಗೆ ಊಟ ರುಚಿಸದು, ನಿದ್ದೆ ಹತ್ತದು. ಹೋದ ವರ್ಷವೂ ಹೊಲಕ್ಕೆ ಹೋಗಿರಲಿಲ್ಲ. ಈ ಸಲ ತಪ್ಪಿಸಿದರೆ ಅವ್ವ ಮಾತು ಬಿಡುವಳು. ಮೀಟಿಂಗು ತಪ್ಪಿಸಿದರೆ ಬಡ್ತಿ ಕೈತಪ್ಪುವುದು. ಅತ್ತ ದರಿ, ಇತ್ತ ಪುಲಿ. ಪಾಪದವನ ಸಂಕಟ ಯಾರಿಗೆ ಬೇಕು!

ಲ್ಯಾಪ್‌ಟಾಪಿನಲ್ಲಿ ಬೆಂಗಳೂರಿನ ತರಬೇತುದಾರ ಕಾಣಿಸಿಕೊಂಡ.

— ಎಲ್ಲರೂ ಕಣ್ಣು ಮುಚ್ಚಿ. ಹಸಿರು ಹೊಲದಲ್ಲಿ ಕೂತಿದ್ದೀವಿ ಅಂದ್ಕೊಳ್ಳಿ. ತಂಪು ಗಾಳಿ ಬೀಸ್ತಾ ಇದೆ...

— ಅಂದ್ಕೊಳ್ಳೂದ್ಯಾಕ್ರಿ? ಟಂಟಂ ಹೊರಗ ನಿಂತೈತಿ! ಎಂದಳು ಹೆಂಡತಿ ಸುವರ್ಣಾ.

— ತೆಲಿ ತಿನಬ್ಯಾಡ, ದಣಿವು ಆರಿಸ್ಕೋಳಾಕತ್ತೇನಿ!

ಹೊರಗಿನಿಂದ ಅವ್ವ ಸಿದ್ದವ್ವ ಕೂಗಿದಳು.

— ಏ ಕಲ್ಯಾ, ನೀ ಬರ್ತೀಯೋ, ನಾ ಒಳಗ ಬರ್ಲ್ಯೋ?

ಅವ್ವನ ಮುಂದೆ ಬಡ್ತಿ ಯಾವ ಲೆಕ್ಕ! ಕಲ್ಮೇಶ ಮೀಟಿಂಗನ್ನು ಮೊಬೈಲಿಗೆ ಹಾಕಿಕೊಂಡು ಟಂಟಂ ಏರಿದ.

ಹೊಲದಲ್ಲಿ ಎಲ್ಲರೂ ಉಣ್ಣಲು ಕುಳಿತರೂ ಪಾಠ ಮುಗಿದಿರಲಿಲ್ಲ.

— ಕಲ್ಮೇಶ್, ಅದ್ಭುತ! ಹಿಂದೆ ಹಾಕಿರೋ ಜೋಳದ ಹೊಲದ ಚಿತ್ರ ಎಲ್ಲಿ ಸಿಕ್ತು?

— ಖರೇನ ಹೊಲದಾಗ ಕುಂತೇನ್ರಿ ಸರ್.

— ನೋಡಿ, ಎಷ್ಟು ಆಳವಾಗಿ ಕಲ್ಪಿಸಿಕೊಂಡಿದ್ದಾರೆ! ಎಲ್ಲರೂ ಚಪ್ಪಾಳೆ ತಟ್ಟಿ!

— ಅಲ್ರೀ ಸರ್, ಸಜ್ಜಿ ರೊಟ್ಟಿ ತಿನ್ನಾಕತ್ತೇನ್ರಿ.

— ರುಚಿನೂ ಬರ್ತಿದೆಯಾ? ನಿಮ್ಮ ದಣಿವು ಪೂರ್ತಿ ಹೋಗಿದೆ. ಇನ್ಮೇಲೆ ಪ್ರತಿ ಭಾನುವಾರ ಎಲ್ಲ ಶಾಖೆಗಳಿಗೂ ಈ ಪಾಠ ನೀವೇ ಮಾಡಬೇಕು!

ಕಲ್ಮೇಶ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ. ಇದ್ದೊಂದು ಭಾನುವಾರವೂ ಹೋಯಿತಲ್ಲ ಎಂದು ಕಣ್ಣಲ್ಲಿ ನೀರು ಬಂತು. ಸಿದ್ದವ್ವ ಮೊಬೈಲು ಕಸಿದುಕೊಂಡಳು.

— ಏ ತಮ್ಮಾ, ನೀ ಉಂಡಿಯೋ?

ತರಬೇತುದಾರ ಗಡಿಯಾರ ನೋಡಿಕೊಂಡ.

— ಇಲ್ಲ ಅಜ್ಜಿ. ಬೆಳಗಿಂದ ಬರೀ ಮೀಟಿಂಗು. ಇದಾದ ಮೇಲೆ ಇನ್ನೊಂದಿದೆ.

— ಏನೂ ಇಲ್ಲ. ಮ್ಯಾನೇಜರನ್ನ ಹಡದಾಕಿ ನಾನು, ಸೂಟಿ ಕೊಡಾಕಿನೂ ನಾನ. ರವಿವಾರನೂ ಸೂಟಿ. ಹೋಗ್ರಿ, ಎಲ್ಲಾರೂ ಉಣ್ಣ ಹೋಗ್ರಿ!

ಪರದೆಯಿಂದ ಮೊದಲು ಮಾಯವಾದವನು ತರಬೇತುದಾರ.